ಹಡಗಿನಲ್ಲಿ ಕಾರು, ಹುಲ್ಲಿನಲ್ಲಿ ಟೆಂಟು: ನಾಲ್ಕು ರಾತ್ರಿಯ ಲೆಕ್ಕ

ಡೇರಿ ಹತ್ತಿರ ಸಿಕ್ಕರೂ ಅದೇ ಪ್ರಶ್ನೆ, ಎಪಿಎಂಸಿಯಲ್ಲಿ ಸಿಕ್ಕರೂ ಅದೇ ಪ್ರಶ್ನೆ. "ಫ್ರಾನ್ಸಿಗೆ ಹೋಗಿ ಬಂದ್ರಂತೆ, ಎಷ್ಟು ಲಕ್ಷ ಆಯ್ತು?" ಒಬ್ಬೊಬ್ಬರಿಗೆ ನಿಂತು ಹೇಳೋದಕ್ಕಿಂತ ಇಲ್ಲೇ ಬರೆದುಬಿಡ್ತೀನಿ. ಲೆಕ್ಕನೂ ಕೊಡ್ತೀನಿ. ಲೆಕ್ಕದ ಹಿಂದಿರೋ ಇನ್ನೊಂದು ಮಾತೂ ಇದೆ, ಅದನ್ನ ಬರೀಬಹುದು ಅಂತ ತಮ್ಮನೇ ಒಪ್ಪಿಗೆ ಕೊಟ್ಟಿದ್ದಾನೆ.

ತಮ್ಮ ಇಂಗ್ಲೆಂಡಿನ ರೀಡಿಂಗ್ ಅನ್ನೋ ಊರಲ್ಲಿ ಹದಿನೈದು ವರ್ಷದಿಂದ ಇದ್ದಾನೆ. ನಾವಿಬ್ಬರೂ, ಅಂದ್ರೆ ನಾನು ಮತ್ತೆ ನಮ್ಮ ಮನೆಯವಳು, 2023ರ ಜುಲೈನಲ್ಲಿ ರಾಗಿ ಬಿತ್ತನೆ ಮುಗಿಸಿ, ಕುಂಟೆ ಹೊಡೆಯೋ ಕೆಲಸ ಭಾವಮೈದನಿಗೆ ಒಪ್ಪಿಸಿ ಹೊರಟ್ವಿ. ವಿಮಾನದ ಟಿಕೆಟ್ ಮಗಳು ತೆಗೆಸಿದ್ದು. ಅಲ್ಲಿನ ಶಾಲೆಗಳಿಗೆ ಜುಲೈ ಕೊನೆ ವಾರದಿಂದ ಬೇಸಿಗೆ ರಜ. ತಮ್ಮ ಫೋನಿನಲ್ಲೇ ಹೇಳಿದ್ದ, "ಅಣ್ಣ, ಹೋಟೆಲ್ಲು ಗೀಟೆಲ್ಲು ಆಗಲ್ಲ. ಕಾರು ಹಡಗಿಗೆ ಹತ್ತಿಸಿಕೊಂಡು ಫ್ರಾನ್ಸಿಗೆ ಹೋಗಿ ಟೆಂಟ್ ಹಾಕಿ ಇರೋಣ. ಬರ್ತೀರಾ?" ಕಟಾವಿನಲ್ಲಿ ಕಣದ ಮೇಲೆ ಮಲಗಿ ಬೆಳೆದೋರು ನಾವು, ಟೆಂಟಿಗೇನು ಹೆದರೋದು ಅಂದೆ.

ಮೊದಲು ವೀಸಾ ವಿಷಯ. ಇಂಗ್ಲೆಂಡಿನ ವೀಸಾ ಇದ್ದರೆ ಪಕ್ಕದ ಫ್ರಾನ್ಸಿಗೂ ನಡೆಯುತ್ತೆ ಅಂತ ಬಹಳ ಜನ ತಿಳ್ಕೊಂಡಿದ್ದಾರೆ. ನಡೆಯಲ್ಲ. ನಮ್ಮ ಪಾಸ್‌ಪೋರ್ಟಿಗೆ ಷೆಂಗೆನ್ ವೀಸಾ ಬೇರೆಯೇ ಬೇಕು. ಅದನ್ನ ಇಲ್ಲಿಂದ ಹೊರಡೋ ಮೊದಲೇ ಬೆಂಗಳೂರಿನಲ್ಲಿ ಮಾಡಿಸಿಕೊಂಡ್ವಿ. ಆ ವರ್ಷ ದೊಡ್ಡೋರಿಗೆ ಫೀಸು 80 ಯೂರೋ, ಜೊತೆಗೆ ಕನಿಷ್ಠ 30,000 ಯೂರೋ ಮೊತ್ತದ ಪ್ರವಾಸ ವಿಮೆ ಕಡ್ಡಾಯ. ಇಡೀ ಪ್ರವಾಸದಲ್ಲಿ ಉಳಿತಾಯಕ್ಕೆ ದಾರಿ ಇಲ್ಲದ ಖರ್ಚು ಅಂದ್ರೆ ಇದೊಂದೇ.

ಇನ್ನು ಹಡಗು. ಇಂಗ್ಲೆಂಡಿನ ಡೋವರ್‌ನಿಂದ ಫ್ರಾನ್ಸಿನ ಕ್ಯಾಲೆಗೆ ಸುಮಾರು ಒಂದೂವರೆ ಗಂಟೆ ದಾರಿ. ಆ ಕಾಲುವೆ ಕಿರಿದಾಗಿರೋ ಕಡೆ ಸುಮಾರು 33 ಕಿಲೋಮೀಟರ್ ಅಷ್ಟೇ. ಟಿಕೆಟ್ ನಮ್ಮ ಬಸ್ಸಿನ ಥರ ತಲೆ ಎಣಿಸಿ ಕೊಡೋದಲ್ಲ. ಮುಖ್ಯವಾಗಿ ಕಾರಿಗೆ, ದಿನಕ್ಕೆ, ಹೊತ್ತಿಗೆ ಬೆಲೆ. ಮಂಗಳವಾರ ಬೆಳಗಿನ ಜಾವದ ಹಡಗು ತಮ್ಮ ಹಿಡಿದಿದ್ದ. ಹೋಗಿಬರೋಕೆ 190 ಪೌಂಡ್. ಅದೇ ಹಡಗು ಶನಿವಾರ ಮಧ್ಯಾಹ್ನಕ್ಕೆ ಹೆಚ್ಚೂ ಕಡಿಮೆ ಎರಡರಷ್ಟು ತೋರಿಸ್ತಿತ್ತು. ಸಂತೆಗೆ ಯಾವ ಹೊತ್ತಿಗೆ ಹೋದರೆ ಏನು ರೇಟು ಅನ್ನೋದು ನಮಗೆ ಗೊತ್ತಿಲ್ವಾ, ಹಂಗೇ ಇದು. ರಾತ್ರಿ ಒಂದೂವರೆಗೆ ಎದ್ದು ಮಕ್ಕಳನ್ನ ನಿದ್ದೆಗಣ್ಣಲ್ಲೇ ಕಾರಿಗೆ ಹಾಕಿಕೊಂಡು ಹೊರಟ್ವಿ. ಏಳು ಸೀಟಿನ ಹಳೇ ಕಾರು, ಆರು ಜನ, ತಲೆ ಮೇಲೆ ಸಾಮಾನಿನ ಪೆಟ್ಟಿಗೆ.

ಹೊರಡೋಕೆ ಮುಂಚೆ ಕಾರಿಗೆ ಮಾಡಿದ ತಯಾರಿ ನೋಡಿ ಖುಷಿಯಾಯ್ತು. ಅಲ್ಲಿ ರಸ್ತೆಯ ಬಲಕ್ಕೆ ಓಡಿಸಬೇಕು, ಇಂಗ್ಲೆಂಡಿನ ಕಾರಿನ ಹೆಡ್‌ಲೈಟ್ ಎದುರಿನೋರ ಕಣ್ಣಿಗೆ ಹೊಡೆಯುತ್ತೆ ಅಂತ ಅದಕ್ಕೆ ಸಣ್ಣ ಸ್ಟಿಕ್ಕರ್ ಅಂಟಿಸಿದ. ಹಿಂದೆ 'ಯುಕೆ' ಅಂತ ಬರೆದಿರೋ ಸ್ಟಿಕ್ಕರ್, ಕೆಂಪು ತ್ರಿಕೋನ, ಹೊಳೆಯೋ ಹಳದಿ ಜಾಕೆಟ್ಟು. ಇವು ಇಲ್ಲದಿದ್ದರೆ ದಂಡ. ಎಲ್ಲ ಸೇರಿ ಆಗಿದ್ದು ಸಣ್ಣ ಮೊತ್ತ, ಹಡಗಿನಲ್ಲಿ ಕೊಂಡರೆ ದುಬಾರಿ ಅಂತ ಮೊದಲೇ ತಂದಿಟ್ಟಿದ್ದ.

ಊಟದ ಸಾಮಾನಿನಲ್ಲಿ ನಮ್ಮೋರಿಗೆ ಗೊತ್ತಿರಬೇಕಾದ ವಿಷಯ ಒಂದಿದೆ. ಇಂಗ್ಲೆಂಡು ಯುರೋಪ್ ಒಕ್ಕೂಟ ಬಿಟ್ಟ ಮೇಲೆ ಅಲ್ಲಿಂದ ಹಾಲು, ಮೊಸರು, ತುಪ್ಪ, ಮಾಂಸ ಫ್ರಾನ್ಸಿಗೆ ಒಯ್ಯೋ ಹಂಗಿಲ್ಲ. ದನಕರುಗಳ ರೋಗ ದಾಟಬಾರದು ಅಂತ ಈ ಕಾನೂನು. ಹಣ್ಣು ತರಕಾರಿಗೂ ರೋಗ ಇಲ್ಲ ಅನ್ನೋ ಸರ್ಟಿಫಿಕೇಟ್ ಬೇಕು. ಬಿಟ್ಟಿರೋದು ಐದೇ ಹಣ್ಣು: ಅನಾನಸ್, ಬಾಳೆ, ಖರ್ಜೂರ, ದುರಿಯನ್ ಮತ್ತೆ ನಮ್ಮ ತೆಂಗಿನಕಾಯಿ! ನಮ್ಮ ಮನೆಯವಳು ಊರಿಂದ ತಂದಿದ್ದ ತುಪ್ಪದ ಡಬ್ಬಿ ರೀಡಿಂಗ್‌ನಲ್ಲೇ ಉಳೀತು, ಎರಡು ಕಾಯಿ ಧೈರ್ಯವಾಗಿ ಹಡಗು ಹತ್ತಿದವು. ಜೊತೆಗೆ ರಾಗಿಹಿಟ್ಟು, ಅಕ್ಕಿ, ತೊಗರಿಬೇಳೆ, ಸಾರಿನ ಪುಡಿ.

ಡೋವರ್‌ನಲ್ಲೇ ಫ್ರಾನ್ಸಿನ ಪೊಲೀಸರು ಕೂತು ಆಗ ನಮ್ಮ ಪಾಸ್‌ಪೋರ್ಟಿಗೆ ಮುದ್ರೆ ಒತ್ತಿದರು. ಆಮೇಲೆ ಕಾರುಗಳನ್ನ ಸಾಲು ಹಿಡಿಸಿ ನಿಲ್ಲಿಸ್ತಾರೆ. ಹಡಗಿನ ಬಾಯಿ ತೆರೆದರೆ ಲಾರಿ, ಬಸ್ಸು, ಕಾರು ಎಲ್ಲ ಒಳಗೆ. ಕಾರಲ್ಲಿ ಯಾರೂ ಕೂತಿರೋ ಹಂಗಿಲ್ಲ, ಹ್ಯಾಂಡ್‌ಬ್ರೇಕ್ ಹಾಕಿ ಮೇಲೆ ಹೋಗಬೇಕು. ಮೇಲಿಂದ ಹಿಂತಿರುಗಿ ನೋಡಿದರೆ ಡೋವರಿನ ದಡ ಪೂರಾ ಬಿಳಿ ಸುಣ್ಣದ ಗೋಡೆ. ತಮ್ಮನ ಮಗ, "ದೊಡ್ಡಪ್ಪ, ಇದರಲ್ಲಿ ತೆಂಗು ಬೆಳೆಯುತ್ತಾ?" ಅಂದ. ಸುಣ್ಣ ಜಾಸ್ತಿಯಾದರೆ ಗಿಡಕ್ಕೆ ಕಬ್ಬಿಣ ಸಿಗಲ್ಲ, ಗರಿ ಹಳದಿಯಾಗುತ್ತೆ ಕಣಪ್ಪ ಅಂದೆ. ಹುಡುಗ ಅದನ್ನ ತನ್ನ ಪುಸ್ತಕದಲ್ಲಿ ಬರೆದುಕೊಂಡ.

ಕ್ಯಾಲೆಯಲ್ಲಿ ಇಳಿದ ಮೇಲೆ ಗಡಿಯಾರ ಒಂದು ಗಂಟೆ ಮುಂದೆ. ಬೊಲೋನ್ ಊರಿನವರೆಗೆ ಹೆದ್ದಾರಿಗೆ ಟೋಲ್ ಇಲ್ಲ, ಅಲ್ಲಿಂದ ಮುಂದಕ್ಕೆ ಇದೆ. ತಮ್ಮ ಅಲ್ಲೇ ಹೆದ್ದಾರಿ ಬಿಟ್ಟು ಊರೊಳಗಿನ ರಸ್ತೆ ಹಿಡಿದ. ಅರ್ಧ ಗಂಟೆ ತಡ, ಆದರೆ ಟೋಲ್ ಉಳೀತು, ಹೊಲನೂ ಕಂಡ್ವು. ಗೋಧಿ ಕಟಾವು ನಡೀತಿತ್ತು, ಬೀಟ್ ಸಕ್ಕರೆ ಗೆಡ್ಡೆ, ಆಲೂಗೆಡ್ಡೆ, ಬೇಲಿನೇ ಇಲ್ಲದ ಹೊಲಗಳು. ಒಂದು ಹೊಲದಲ್ಲಿ ಕಂದುಬಣ್ಣದ ಕಡ್ಡಿ ಸಾಲುಸಾಲಾಗಿ ನೆಲಕ್ಕೆ ಹಾಸಿದ್ದರು. ಕೇಳಿದರೆ ಅಗಸೆ! ನಮ್ಮ ಉತ್ತರ ಕರ್ನಾಟಕದವರು ಚಟ್ನಿಪುಡಿ ಮಾಡ್ತಾರಲ್ಲ, ಅದೇ ಜಾತಿ. ಇವರು ಬೆಳೆಯೋದು ನಾರಿಗೆ, ಲಿನನ್ ಬಟ್ಟೆ ಆಗೋದು ಇದರಿಂದಲೇ. ಕೊಯ್ಯಲ್ಲ, ಬೇರುಸಮೇತ ಕಿತ್ತು ಹೊಲದಲ್ಲೇ ವಾರಗಟ್ಟಲೆ ಬಿಡ್ತಾರೆ. ಇಬ್ಬನಿ, ಮಳೆ, ಬಿಸಿಲು ಸೇರಿ ಕಡ್ಡಿಯ ಅಂಟು ಕೊಳೆತು ನಾರು ಬಿಡಿಸಿಕೊಳ್ಳುತ್ತೆ. ನಡುವೆ ಒಂದೆರಡು ಸಲ ಮಗುಚಿ ಹಾಕ್ತಾರೆ. ನಾವು ನಾರಿಗೆ ತೆಂಗಿನ ಮೊಟ್ಟೆ ನೀರಲ್ಲಿ ನೆನೆಹಾಕಿದರೆ ಅವರು ಇಬ್ಬನಿಯಲ್ಲಿ ನೆನೆಹಾಕ್ತಾರೆ ಅಷ್ಟೇ.

ನಾವು ಉಳಿದಿದ್ದು ಸೋಮ್ ನದಿ ಸಮುದ್ರ ಸೇರೋ ಕಡೆ, ಆಬ್‌ವಿಲ್ ಪಟ್ಟಣದಿಂದ ಸ್ವಲ್ಪ ದೂರದ ಒಬ್ಬ ರೈತರ ಹುಲ್ಲುಗಾವಲಲ್ಲಿ. ಆರು ಟೆಂಟಿನ ಜಾಗ. ಫ್ರಾನ್ಸಿನಲ್ಲಿ ಆರು ಜಾಗ, ಇಪ್ಪತ್ತು ಜನ ಮೀರದ ಹಂಗೆ ಹೊಲದಲ್ಲಿ ಟೆಂಟಿಗೆ ಜಾಗ ಕೊಡೋದಾದರೆ ಊರಿನ ಪುರಸಭೆಯಂಥ ಕಚೇರಿಗೆ ಬರೆದುಕೊಟ್ಟರೆ ಸಾಕಂತೆ. ಇವರ ಏರ್ಪಾಡು ನೋಡಿ: ಎರಡು ಸ್ನಾನದ ಮನೆ, ಎರಡು ಕಕ್ಕಸು, ಪಾತ್ರೆ ತೊಳೆಯೋ ತೊಟ್ಟಿ, ನಲ್ಲಿ. ಇಷ್ಟೇ ಕಟ್ಟಡ. ಜೂನ್‌ನಲ್ಲಿ ಹುಲ್ಲು ಕೊಯ್ದು ಒಣಗಿಸಿ ಒಳಗಿಡ್ತಾರೆ. ಜುಲೈ, ಆಗಸ್ಟ್ ಅಲ್ಲಿ ಟೆಂಟು. ಸೆಪ್ಟೆಂಬರಿಗೆ ಹುಲ್ಲು ಮತ್ತೆ ಚಿಗುರಿ ಹಸುಗಳು ವಾಪಸ್. ನೆಲ ಕೆಡಲಿಲ್ಲ, ಸಾಲ ಇಲ್ಲ, ಜೊತೆಗೆ ಹಾಲೂ ಮೊಟ್ಟೆಯೂ ಬಾಗಿಲಲ್ಲೇ ಮಾರಾಟ. ನಮ್ಮಲ್ಲಿ ಹೋಮ್‌ಸ್ಟೇ ಅಂದ ಕೂಡಲೇ ಮೊದಲು ಬ್ಯಾಂಕಿಗೆ ಓಡೋರು ಇದನ್ನೊಂದು ಸಲ ನೋಡಬೇಕು. ಆರು ಜನಕ್ಕೂ ಕಾರಿಗೂ ಸೇರಿ ರಾತ್ರಿಗೆ 26 ಯೂರೋ.

ಟೆಂಟಿನ ಬದುಕಲ್ಲಿ ಕೆಲಸ ಯಾರಿಗೂ ತಪ್ಪಲ್ಲ. ನೀರು ತರೋದು ಮಕ್ಕಳು, ಗೂಟ ಹೊಡೆಯೋದು ನಾನು, ಒಂದೇ ಒಲೆಯ ಗ್ಯಾಸಿನ ಮೇಲೆ ಮುದ್ದೆ ತೊಳೆಸೋದು ತಮ್ಮ. ಫ್ರಾನ್ಸಿನಲ್ಲಿ ಕೂತು ಹುರುಳಿಕಾಯಿ ಬಸ್ಸಾರು ಮುದ್ದೆ ಉಂಡಿದ್ದು ನಾವೇ ಮೊದಲಿಗರೇನೋ! ಹಾಲು ತರೋಕೆ ಹೋದಾಗ ರೈತರ ಹೆಂಡತಿಗೆ ಒಂದು ತೆಂಗಿನಕಾಯಿ ಕೊಟ್ಟೆ. ಒಡೆಯೋದು ಹೆಂಗೆ ಅಂತ ತೋರಿಸಿದ್ದಕ್ಕೆ ಒಂದು ಬುಟ್ಟಿ ಆಲೂಗೆಡ್ಡೆ ಬಂತು. ಹಗಲು ಸಮುದ್ರದ ಕಡೆ ನಡೆದು ಹೋಗ್ತಿದ್ವಿ. ಇಳಿತದಲ್ಲಿ ನೀರು ಬಹಳ ದೂರ ಸರಿದು ಬರೀ ಮರಳು ಉಳಿಯುತ್ತೆ. ಉಪ್ಪು ಹುಲ್ಲಿನಲ್ಲಿ ಕುರಿಗಳು ಮೇಯ್ತಿರ್ತವೆ, ಮರಳದಿಬ್ಬದ ಮೇಲೆ ಸೀಲ್‌ಗಳು ಮಲಗಿರ್ತವೆ. ಇದಕ್ಕೆಲ್ಲ ಟಿಕೆಟ್ಟಿಲ್ಲ. ರಾತ್ರಿ ಒಂಬತ್ತೂವರೆವರೆಗೂ ಬೆಳಕು. ನೆಲದಿಂದ ಏಳೋ ಚಳಿ ಮಾತ್ರ ಜೋರು. ಹೋಗೋರು ಹೊದೆಯೋದಕ್ಕಿಂತ ಕೆಳಗೆ ಹಾಸೋದಕ್ಕೆ ದುಡ್ಡು ಹಾಕಿ.

ಈಗ ಲೆಕ್ಕ, ಆಗಿನ ರೂಪಾಯಿ ಬೆಲೆಯಲ್ಲಿ. ಹಡಗು 20,000. ಪೆಟ್ರೋಲು 9,500. ಟೆಂಟಿನ ಜಾಗ ನಾಲ್ಕು ರಾತ್ರಿಗೆ 9,400. ಊಟ ತಿಂಡಿ 12,600. ಒಟ್ಟು 51,500, ತಲೆಗೆ ಎಂಟೂವರೆ ಸಾವಿರದ ಆಸುಪಾಸು. ವೀಸಾ ಬೇರೆ. ಹೋಟೆಲಿನಲ್ಲಿ ಎರಡು ರೂಮಿಗೆ ಬರೀ ಬಾಡಿಗೆಯೇ ಇದನ್ನ ಮೀರ್ತಿತ್ತು.

ಇನ್ನು ಆ ಇನ್ನೊಂದು ಮಾತು. ನಮ್ಮ ರಸ್ತೆ ಪಕ್ಕದ ಒಂದು ಎಕರೆ ತೋಟ ಇನ್ನೂ ಇಬ್ಬರ ಹೆಸರಲ್ಲೇ ಇದೆ. ಲೇಔಟ್ ಮಾಡೋರು ಎರಡು ವರ್ಷದಿಂದ ಕೇಳ್ತಿದ್ದಾರೆ. ತಮ್ಮನ ಮನೆ ಸಾಲದ ಬಡ್ಡಿ ಆ ಬೇಸಿಗೆಯಲ್ಲಿ ಬದಲಾಗೋದಿತ್ತು. ಬ್ಯಾಂಕ್ ಆಫ್ ಇಂಗ್ಲೆಂಡ್ 2021ರ ಡಿಸೆಂಬರ್ ಶುರುವಿನಲ್ಲಿ ಶೇ. 0.1 ಇದ್ದ ದರವನ್ನ 2023ರ ಜುಲೈ ಹೊತ್ತಿಗೆ ಶೇ. 5ಕ್ಕೆ ಏರಿಸಿತ್ತು. ಕಂತು ಒಂದೇ ಏಟಿಗೆ ಎಲ್ಲಿಂದೆಲ್ಲಿಗೋ ಹೋಗ್ತಿತ್ತು. ಇತ್ತ ನನ್ನ ಕೈಯೂ ಖಾಲಿ. ಆ ವರ್ಷ ಉಂಡೆ ಕೊಬ್ಬರಿಗೆ ಬೆಂಬಲ ಬೆಲೆ ಕ್ವಿಂಟಾಲಿಗೆ 11,750 ಅಂತಿದ್ದರೂ ಮಾರುಕಟ್ಟೆಯಲ್ಲಿ ಅದಕ್ಕಿಂತ ಎಷ್ಟೋ ಕೆಳಗೆ ಕೇಳ್ತಿದ್ದರು, ನಿಮಗೆಲ್ಲ ಗೊತ್ತಲ್ಲ. ಮಾರೋದಾ ಬೇಡವಾ ಅನ್ನೋದು ಇಬ್ಬರ ನಾಲಿಗೆ ತುದಿಯಲ್ಲೂ ಇತ್ತು, ಫೋನಿನಲ್ಲಿ ಆಡೋಕೆ ಆಗ್ತಿರಲಿಲ್ಲ.

ಮೂರನೇ ದಿನ ಸಂಜೆ ಪಾತ್ರೆ ತೊಳೆಯೋ ತೊಟ್ಟಿ ಹತ್ತಿರ ತಮ್ಮನ ಹೆಂಡತಿ ನಮ್ಮ ಮನೆಯವಳ ಹತ್ತಿರ ಅಂದಳಂತೆ, "ಅಕ್ಕ, ಈ ಟೆಂಟು ತಗೊಂಡಿದ್ದು 2016ರಲ್ಲಿ. ಎರಡು ಬೇಸಿಗೆ ಬಿಚ್ಚಲೇ ಇಲ್ಲ. ರಜಕ್ಕೆ ಇಟ್ಟಿದ್ದ ದುಡ್ಡೆಲ್ಲ ಬೋರ್‌ವೆಲ್ಲಿಗೆ ಕಳಿಸಿಬಿಟ್ರು." ಬರಗಾಲದ ಆ ವರ್ಷ ನಮ್ಮ ಕಡೆ ತೋಟಗಳು ಒಣಗಿ ನಿಂತಿದ್ದು ಯಾರು ಮರೀತೀರಿ? ಆಗ ಎರಡು ಬೋರ್ ಕೊರೆಸಿದೆ. ಒಂದರಲ್ಲಿ ಬರೀ ಧೂಳು. ಇನ್ನೊಂದರಲ್ಲಿ ಒಂದೂವರೆ ಇಂಚು ನೀರು. ದುಡ್ಡು ಕಳಿಸುವಾಗ ಅವನು ಅಂದಿದ್ದು, "ಬೋನಸ್ ಬಂದಿದೆ ಅಣ್ಣ." ಬೋನಸ್ಸು ಬಂದೇ ಇರಲಿಲ್ಲ. ಆ ಒಂದೂವರೆ ಇಂಚು ನೀರಲ್ಲಿ ಬದುಕಿಕೊಂಡ ಮರಗಳು ಇದೇ ರಸ್ತೆ ಪಕ್ಕದ ಎಕರೆಯವು.

ಆ ರಾತ್ರಿ ಮಳೆ. ಹೆಂಗಸರು ಮಕ್ಕಳು ದೊಡ್ಡ ಟೆಂಟಲ್ಲಿ, ನಾವಿಬ್ಬರೂ ಚಿಕ್ಕದರಲ್ಲಿ. ಎದ್ದು ಹೋಗೋಕೆ ಜಾಗ ಇಲ್ಲ. ನಾನೇ ತೆಗೆದೆ. "ಆ ಮರ ಉಳಿದಿದ್ದು ನಿನ್ನ ದುಡ್ಡಲ್ಲಿ. ಮಾರೋದು ಬಿಡೋದು ನೀನು ಹೇಳ್ದಂಗೆ. ನಾನು ಎಲ್ಲಿ ಹೇಳಿದರೂ ಸಹಿ ಹಾಕ್ತೀನಿ." ಅವನು ಸುಮಾರು ಹೊತ್ತು ಮಾತಾಡಲಿಲ್ಲ. "ಅಣ್ಣ, ಸಾಲದ ಅವಧಿ ಐದು ವರ್ಷ ಉದ್ದ ಮಾಡಿಸಿದರೆ ಕಂತು ತಡಕೋಬಹುದು. ಒಟ್ಟು ಬಡ್ಡಿ ಜಾಸ್ತಿ ಆಗುತ್ತೆ. ಆಗಲಿ ಬಿಡು. ಎಕರೆ ಒಂದು ಸಲ ಹೋದರೆ ಹೋಯ್ತು." ಎರಡು ವರ್ಷ ಬಿಟ್ಟು ಮತ್ತೆ ಕೂತು ನೋಡೋದು ಅಂತ ಮಾತಾಯ್ತು. ಇದು ಪೂರ್ತಿ ಬಗೆಹರಿದ ವಿಷಯ ಅಲ್ಲ, ಮುಂದೂಡಿದ ವಿಷಯ. ಆದರೆ ಇಬ್ಬರಿಗೂ ಎದೆ ಹಗುರಾಯ್ತು.

ಅದಕ್ಕೇ ಹೇಳೋದು, ಕಡಿಮೆ ಖರ್ಚಿನ ಪ್ರವಾಸ ಅಂದ್ರೆ ಬಡತನದ ಪ್ರವಾಸ ಅಲ್ಲ. ಎಲ್ಲಿ ಹಿಡಿಯಬೇಕು, ಎಲ್ಲಿ ಬಿಡಬೇಕು ಅನ್ನೋ ಲೆಕ್ಕ ಮನೆಯವರೆಲ್ಲ ಸೇರಿ ಹಾಕೋದು. ಆ ಲೆಕ್ಕ ಒಟ್ಟಿಗೆ ಹಾಕಿದೋರು ಬೇರೆ ಲೆಕ್ಕಾನೂ ಒಟ್ಟಿಗೆ ಹಾಕ್ತಾರೆ. ಹೋಟೆಲಿನ ಎರಡು ರೂಮಲ್ಲಿ ಬಾಗಿಲು ಹಾಕ್ಕೊಂಡಿದ್ದರೆ ನಮ್ಮ ಮಾತು ಹೊರಗೆ ಬರ್ತಿತ್ತೋ ಇಲ್ಲವೋ.

ಮಕ್ಕಳನ್ನ ನೋಡೋಕೆ ಇಂಗ್ಲೆಂಡಿಗೆ ಹೋಗೋ ಯೋಚನೆ ಇರೋರು, ಷೆಂಗೆನ್ ವೀಸಾಗೆ ಎರಡು ತಿಂಗಳು ಮುಂಚೆನೇ ಕೈ ಹಾಕಿ. ಹಡಗಿಗೆ ವಾರದ ನಡುವಿನ ದಿನ ನೋಡಿ. ತುಪ್ಪ ಬೇಡ, ಕಾಯಿ ಇರಲಿ. ಇನ್ನೇನಾದ್ರೂ ಕೇಳಬೇಕಿದ್ದರೆ ಸಂಜೆ ಆರರ ಮೇಲೆ ಫೋನ್ ಮಾಡಿ, ಹಗಲು ರಾಗಿ ಹೊಲದಲ್ಲಿರ್ತೀನಿ.