ನಮ್ಮ ಬಿಲ್ಲಿನ ಐವತ್ತು ಸೆಂಟು



2025ರ ಜೂನ್ ತಿಂಗಳಿನಿಂದ ನ್ಯೂಜೆರ್ಸಿಯ ಮನೆಗಳ ವಿದ್ಯುತ್ ಬಿಲ್ಲು ಸುಮಾರು ಶೇಕಡ 17ರಿಂದ 20ರಷ್ಟು ಏರಿತು. ಅಂದಿನಿಂದ ನಮ್ಮ ಕೂಟದ ಊಟದ ಪಂಕ್ತಿಗಳಲ್ಲಿ ಮಕ್ಕಳ ಕಾಲೇಜಿನ ಮಾತಿಗಿಂತ ಬಿಲ್ಲಿನ ಮಾತೇ ಹೆಚ್ಚಾಗಿದೆ. ಆ ವರ್ಷದ ಗವರ್ನರ್ ಚುನಾವಣೆಯಲ್ಲಿಯೂ ಅದೇ ಮುಖ್ಯ ವಿಷಯವಾಯಿತು. "ದರ ನಿಗದಿ ಮಾಡುವ ಬೋರ್ಡು ಏನು ಮಾಡುತ್ತಿದೆ?" ಎಂದು ಎಲ್ಲರೂ ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಆ ಬೋರ್ಡಿನ ಖರ್ಚನ್ನು ಯಾರು ಭರಿಸುತ್ತಾರೆ, ಆ ಹಣದ ಬೀಗದ ಕೈ ಯಾರ ಬಳಿಯಿದೆ ಎಂಬುದನ್ನು ಕೇಳುವವರು ವಿರಳ. ವೃತ್ತಿಯಿಂದ ವೈದ್ಯರಾದ ನಮಗೆ ಈ ಎರಡನೆಯ ಪ್ರಶ್ನೆಯೇ ಹೆಚ್ಚು ಮುಖ್ಯವೆಂದು ತೋರಿದೆ.

ನ್ಯೂಜೆರ್ಸಿಯ ಬೋರ್ಡ್ ಆಫ್ ಪಬ್ಲಿಕ್ ಯುಟಿಲಿಟೀಸ್ 1911ರಲ್ಲಿ ರೂಪುಗೊಂಡ ಸಂಸ್ಥೆ. ಗವರ್ನರ್ ನೇಮಿಸಿ ಸೆನೆಟ್ ಒಪ್ಪಿದ ಐವರು ಸದಸ್ಯರು, ತಲಾ ಆರು ವರ್ಷಗಳ ಅವಧಿಗೆ, ವಿದ್ಯುತ್ತು, ಅನಿಲ, ನೀರು ಮೊದಲಾದ ಸೇವೆಗಳ ಮೇಲೆ ಕಣ್ಣಿಡುತ್ತಾರೆ. 2025ರ ಏರಿಕೆಯ ಬಹುಭಾಗಕ್ಕೆ ಕಾರಣ ಬೋರ್ಡಿನ ಹೊರಗಿತ್ತು. ಹದಿಮೂರು ರಾಜ್ಯಗಳ ವಿದ್ಯುತ್ ಜಾಲವನ್ನು ನಡೆಸುವ ಪಿಜೆಎಂ ಸಂಸ್ಥೆಯ 2024ರ ಜುಲೈ ಹರಾಜಿನಲ್ಲಿ, ಉತ್ಪಾದನಾ ಸಾಮರ್ಥ್ಯವನ್ನು ಕಾದಿರಿಸುವ ಬೆಲೆ ಪ್ರತಿ ಮೆಗಾವಾಟ್‌ಗೆ ದಿನವೊಂದಕ್ಕೆ 28.92 ಡಾಲರಿನಿಂದ 269.92 ಡಾಲರಿಗೆ ಜಿಗಿಯಿತು. ಅದರ ಮೇಲ್ವಿಚಾರಣೆ ಕೇಂದ್ರದ ಆಯೋಗಕ್ಕೆ ಸೇರಿದ್ದು. ಆದರೆ ಕಂಬ, ತಂತಿಗಳ ದರ, ಗ್ರಾಹಕರ ದೂರು, ಸಂಪರ್ಕ ಕಡಿತದ ನಿಯಮ ಇವೆಲ್ಲ ಬೋರ್ಡಿನ ಕೈಯಲ್ಲಿವೆ. ಕಂಪನಿಯೊಂದು ದರ ಹೆಚ್ಚಿಸಬೇಕೆಂದು ಅರ್ಜಿ ಹಾಕಿದಾಗ ಅದರ ಬೆನ್ನಿಗೆ ವಕೀಲರು, ಲೆಕ್ಕಿಗರು, ಎಂಜಿನಿಯರುಗಳ ದಂಡೇ ಇರುತ್ತದೆ. ಆ ಸಾವಿರಾರು ಪುಟಗಳನ್ನು ಓದಿ ಪ್ರತಿಪ್ರಶ್ನೆ ಹಾಕಲು ಬೋರ್ಡಿನಲ್ಲಿಯೂ ಬಲ್ಲವರು ಇರಬೇಕು; ಬಲ್ಲವರಿಗೆ ಸಂಬಳ ಬೇಕು.

ಆ ಸಂಬಳ ಎಲ್ಲಿಂದ? 1968ರ ಕಾನೂನಿನಂತೆ ಬೋರ್ಡು ತನ್ನ ಖರ್ಚನ್ನು ಕಂಪನಿಗಳಿಂದಲೇ ವಸೂಲು ಮಾಡುತ್ತದೆ. ಈ ವಸೂಲಿ ರಾಜ್ಯದೊಳಗಿನ ಅವುಗಳ ಒಟ್ಟು ಆದಾಯದ ಶೇಕಡ ಕಾಲು ಭಾಗವನ್ನು ಮೀರುವಂತಿಲ್ಲ. ಕಂಪನಿಗಳು ಅದನ್ನು ನಮ್ಮ ದರದಲ್ಲಿ ಸೇರಿಸುತ್ತವೆ. ಎಂದರೆ 200 ಡಾಲರಿನ ಬಿಲ್ಲಿನಲ್ಲಿ ಹೆಚ್ಚೆಂದರೆ ಸುಮಾರು 50 ಸೆಂಟು ಕಾವಲುಗಾರನ ಸಂಬಳ. ಕಾಯಬೇಕಾದವರಿಗೆ ಕಾಯಿಸಿಕೊಳ್ಳುವವರೇ ಸಂಬಳ ಕೊಟ್ಟಂತಾಗಲಿಲ್ಲವೇ ಎಂದು ಕೆಲವರು ಶಂಕಿಸಬಹುದು. ಹಾಗಾಗದಂತೆ ತಡೆಯುವುದೇ ಶಾಸಕಾಂಗದ ಪಾತ್ರ. ವಸೂಲಿಯ ಮಿತಿಯನ್ನು ಕಾನೂನು ಹಾಕಿದೆ. ಕೊಡುವುದಿಲ್ಲವೆನ್ನಲು ಕಂಪನಿಗೆ ಅಧಿಕಾರವಿಲ್ಲ. ಜೊತೆಗೆ 1947ರ ರಾಜ್ಯ ಸಂವಿಧಾನದ ಪ್ರಕಾರ ಕಾನೂನಿನ ಮಂಜೂರಾತಿಯಿಲ್ಲದೆ ಬೊಕ್ಕಸದಿಂದ ಹಣ ತೆಗೆಯುವಂತಿಲ್ಲ. ಹೀಗೆ ಹಣದ ಚೀಲದ ದಾರ ಜನಪ್ರತಿನಿಧಿಗಳ ಕೈಯಲ್ಲಿದೆ.

ಆ ದಾರದ ಇನ್ನೊಂದು ತುದಿಯಲ್ಲಿ ಯಾರಿದ್ದಾರೆ ಎಂಬುದನ್ನು ನಾವು ವೃತ್ತಿಯಲ್ಲಿ ಕಂಡಿದ್ದೇವೆ. ಕೆಲವು ವರ್ಷಗಳ ಹಿಂದೆ ನಮ್ಮ ಪರಿಚಯದ ಕುಟುಂಬವೊಂದರಲ್ಲಿ ಮಗನ ಕೆಲಸ ಹೋಗಿ ಬಿಲ್ಲು ಬಾಕಿಯಾಗಿತ್ತು. ಆಮ್ಲಜನಕದ ಯಂತ್ರವನ್ನೇ ನೆಚ್ಚಿದ್ದ ತಾಯಿ ಮನೆಯಲ್ಲಿದ್ದಾಗ ಸಂಪರ್ಕ ಕಡಿತದ ನೋಟಿಸು ಬಂತು. ಮನೆಯಲ್ಲಿ ಅಂಥ ರೋಗಿಯಿರುವರೆಂದು ವೈದ್ಯರು ಬರೆದುಕೊಟ್ಟರೆ ಒಂದಷ್ಟು ಕಾಲ ಕಡಿತ ಮಾಡಬಾರದೆಂಬುದು ಬೋರ್ಡಿನ ನಿಯಮ. ನಾವು ಬರೆದುಕೊಟ್ಟೆವು. ಕಂಪನಿಯ ದೂರವಾಣಿಯಲ್ಲಿ ಉತ್ತರ ಸಿಗದೆ ಬೋರ್ಡಿನ ಗ್ರಾಹಕ ವಿಭಾಗಕ್ಕೆ ಕರೆ ಮಾಡಿದಾಗ ಅಲ್ಲೊಬ್ಬರು ಕೇಳಿಸಿಕೊಂಡರು, ಕಡತ ತೆರೆದರು, ನೋಟಿಸು ನಿಂತಿತು. "ಡಾಕ್ಟ್ರೇ, ಆ ಕಡೆ ಫೋನ್ ಎತ್ತೋರು ಒಬ್ರು ಇದ್ರಲ್ಲ, ಅದೇ ದೊಡ್ಡದು" ಎಂದರು ಆ ತಾಯಿ. ನಿಯಮ ಪುಸ್ತಕದಲ್ಲಿದ್ದರೆ ಸಾಲದು. ಅದನ್ನು ನಡೆಸಿಕೊಡುವವರು ಕುರ್ಚಿಯಲ್ಲಿರಬೇಕು. ಆ ಕುರ್ಚಿಯನ್ನು ಉಳಿಸುವುದು ನಮ್ಮ ಐವತ್ತು ಸೆಂಟು.

ಇದೇ ದಾರ ಬೇರೆ ಕಡೆಗೂ ಎಳೆಯಬಲ್ಲದೆಂಬುದಕ್ಕೆ ನದಿಯಾಚೆಯ ನ್ಯೂಯಾರ್ಕ್ ಸಾಕ್ಷಿ. ಅಲ್ಲಿನ ಪಬ್ಲಿಕ್ ಸರ್ವಿಸ್ ಕಮಿಷನ್ನಿನ ಖರ್ಚಿಗೆಂದು ಕಂಪನಿಗಳ ಮೇಲೆ ಹಾಕುವ ವಸೂಲಿಯ ಮಿತಿ ಮೊದಲು ಆದಾಯದ ಶೇಕಡ ಒಂದರ ಮೂರನೆಯ ಒಂದು ಭಾಗವಿತ್ತು. ಆರ್ಥಿಕ ಕುಸಿತದ 2009ರಲ್ಲಿ ಶಾಸಕಾಂಗವು ಆ ಮಿತಿಯನ್ನು ಶೇಕಡ ಒಂದಕ್ಕೆ ಏರಿಸಿ, 'ತಾತ್ಕಾಲಿಕ' ಎಂಬ ಹೆಸರಿನಲ್ಲಿ ಮತ್ತೊಂದು ವಸೂಲಿಯನ್ನು ಸೇರಿಸಿ, ಒಟ್ಟು ಶೇಕಡ ಎರಡಕ್ಕೆ ಒಯ್ದಿತು. 200 ಡಾಲರಿನ ಬಿಲ್ಲಿಗೆ 67 ಸೆಂಟಿನ ಜಾಗದಲ್ಲಿ 4 ಡಾಲರು. ಹೆಚ್ಚುವರಿ ಹಣ ಸೇರಿದ್ದು ಕಾವಲಿಗಲ್ಲ, ರಾಜ್ಯದ ಸಾಮಾನ್ಯ ಬೊಕ್ಕಸಕ್ಕೆ. ಐದು ವರ್ಷಕ್ಕೆಂದು ಬಂದ ಆ ತಾತ್ಕಾಲಿಕ ವಸೂಲಿ ಹಂತಹಂತವಾಗಿ ಇಳಿದು ಮುಗಿದದ್ದು 2017ರಲ್ಲಿ. ನ್ಯೂಜೆರ್ಸಿಯೂ ಹಿಂದೆ ಬಿದ್ದಿಲ್ಲ. 1999ರ ಕಾನೂನಿನಂತೆ ಬಿಲ್ಲಿನ ಮೂಲಕ ಶುದ್ಧ ಇಂಧನಕ್ಕೆಂದು ಸಂಗ್ರಹಿಸಿದ ನಿಧಿಯಿಂದ ಹಲವು ಆಯವ್ಯಯಗಳಲ್ಲಿ ನ್ಯೂಜೆರ್ಸಿ ಟ್ರಾನ್ಸಿಟ್ಟಿಗೆ ಹಣ ಹರಿದಿದೆ. ರೈಲು ಓಡಬೇಡವೆಂದು ಯಾರೂ ಹೇಳುವುದಿಲ್ಲ. ಆದರೆ ಮದ್ದಿಗೆಂದು ಎತ್ತಿಟ್ಟ ಹಣದಲ್ಲಿ ಮನೆಗೆ ಸುಣ್ಣ ಹೊಡೆಸಿದರೆ ಮದ್ದು ಬರುವುದಿಲ್ಲ.

ಊರಿನ ಸ್ಥಿತಿಯನ್ನೂ ಇದರ ಪಕ್ಕದಲ್ಲಿಟ್ಟು ನೋಡಬಹುದು. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಹುಟ್ಟಿದ್ದು 1999ರಲ್ಲಿ. 2003ರ ವಿದ್ಯುಚ್ಛಕ್ತಿ ಅಧಿನಿಯಮದ 103ನೆಯ ಕಲಮು ಆಯೋಗಕ್ಕೆ ಪ್ರತ್ಯೇಕ ನಿಧಿಯನ್ನು ಕಲ್ಪಿಸಿದೆ. 104ನೆಯ ಕಲಮಿನಂತೆ ಅದರ ಲೆಕ್ಕ ತಪಾಸಣೆಗೊಂಡು ವಿಧಾನಮಂಡಲದ ಮುಂದೆ ಬರಬೇಕು. ಇನ್ನು 65ನೆಯ ಕಲಮು ಹೇಳುವುದು ಹೀಗೆ: ಸರ್ಕಾರ ಯಾರಿಗಾದರೂ ದರದಲ್ಲಿ ರಿಯಾಯಿತಿ ಕೊಡಬಯಸಿದರೆ ಆ ಹಣವನ್ನು ಮುಂಗಡವಾಗಿ ಕಟ್ಟಬೇಕು. ಹತ್ತು ಅಶ್ವಶಕ್ತಿವರೆಗಿನ ಪಂಪ್‌ಸೆಟ್ಟಿಗೂ, 2023ರಿಂದ ಗೃಹ ಜ್ಯೋತಿಯ 200 ಯೂನಿಟ್‌ವರೆಗಿನ ಬಳಕೆಗೂ ಸಲ್ಲುವ ಉಚಿತ ವಿದ್ಯುತ್ತಿಗೆ ಈ ಮಾತು ಅನ್ವಯಿಸುತ್ತದೆ. ಆ ಹಣ ಕಾಲಕ್ಕೆ ಬಂತೇ ಎಂದು ಸರ್ಕಾರವನ್ನೇ ಕೇಳಬೇಕಾದ ಆಯೋಗವು ತನ್ನ ಆಯವ್ಯಯವನ್ನು ಕಳುಹಿಸಬೇಕಾದದ್ದೂ ಅದೇ ಸರ್ಕಾರಕ್ಕೆ. ಇಲ್ಲಿಯ ಇಕ್ಕಟ್ಟೇ ಅಲ್ಲಿಯೂ ಇದೆ.

ಹಾಗೆಂದು ದಾರವನ್ನು ಶಾಸಕಾಂಗದಿಂದ ಕಿತ್ತುಕೊಳ್ಳಬೇಕೆಂಬುದು ನಮ್ಮ ಅಭಿಪ್ರಾಯವಲ್ಲ. ಯಾರಿಗೂ ಲೆಕ್ಕ ಒಪ್ಪಿಸದ ಕಾವಲುಗಾರನೂ ಅಪಾಯಕಾರಿಯೇ. ದಾರ ಹಿಡಿದ ಕೈಯನ್ನು ನಾವು ನೋಡುತ್ತಿರಬೇಕು, ಅಷ್ಟೆ. ನ್ಯೂಜೆರ್ಸಿಯಲ್ಲಿ ಆಯವ್ಯಯ ಜೂನ್ 30ರೊಳಗೆ ಅಂಗೀಕಾರವಾಗಬೇಕು. ಅದಕ್ಕೆ ಮುನ್ನ ವಸಂತದಲ್ಲಿ ಎರಡೂ ಸದನಗಳ ಸಮಿತಿಗಳು ಸಾರ್ವಜನಿಕರ ಅಹವಾಲು ಕೇಳುತ್ತವೆ. ನ್ಯೂಯಾರ್ಕಿನ ಆರ್ಥಿಕ ವರ್ಷ ಏಪ್ರಿಲ್ 1ಕ್ಕೆ ಆರಂಭವಾಗುವುದರಿಂದ ಅಲ್ಲಿಯವರು ಚಳಿಗಾಲದಲ್ಲಿಯೇ ಎಚ್ಚೆತ್ತುಕೊಳ್ಳಬೇಕು. ನ್ಯೂಜೆರ್ಸಿಯ ಪ್ರತಿ ಕ್ಷೇತ್ರಕ್ಕೂ ಒಬ್ಬ ಸೆನೆಟರ್, ಇಬ್ಬರು ಅಸೆಂಬ್ಲಿ ಸದಸ್ಯರು ಇದ್ದಾರೆ. ಮತದಾನದ ಹಕ್ಕಿಲ್ಲದ ನಮ್ಮ ಸದಸ್ಯರೂ ಅವರಿಗೆ ಬರೆಯಬಹುದು, ಏಕೆಂದರೆ ಬಿಲ್ಲು ಕಟ್ಟುವವರಲ್ಲಿ ಅವರೂ ಇದ್ದಾರೆ. ಕೇಳಬೇಕಾದ ಪ್ರಶ್ನೆಗಳು ಎರಡೇ: ಬೋರ್ಡಿನ ಹೆಸರಿನಲ್ಲಿ ನಮ್ಮಿಂದ ಪಡೆದದ್ದೆಷ್ಟು? ಅದರಲ್ಲಿ ಬೋರ್ಡಿನ ಕೆಲಸಕ್ಕೆ ತಲುಪಿದ್ದೆಷ್ಟು?