ನೀರಿಗೇ ಗಾಳ

ಕೋಲಾರದವನು ಮೀನು ಹಿಡಿಯುತ್ತೇನೆ ಎಂದರೆ ಬೆಂಗಳೂರಿನ ಸ್ನೇಹಿತರು ಮೊದಲು ನಗುತ್ತಾರೆ, ಆಮೇಲೆ ಯಾವ ಬೋರ್‌ವೆಲ್‌ನಲ್ಲಿ ಎಂದು ಕೇಳುತ್ತಾರೆ. ಕೇಳಲಿ. ವರ್ಷಪೂರ್ತಿ ಹರಿಯುವ ಒಂದು ಹೊಳೆಯೂ ಇಲ್ಲದ ಜಿಲ್ಲೆ ನಮ್ಮದು. ಪಾಲಾರ್ ಇದೆ, ಮಾಲೂರಿನ ಕಡೆ ದಕ್ಷಿಣ ಪಿನಾಕಿನಿಯೂ ಇದೆ. ಭೂಪಟದಲ್ಲಿ ನೀಲಿ, ಬೇಸಿಗೆಯಲ್ಲಿ ಮರಳು. ಅದಕ್ಕೇ ಹಿಂದಿನವರು ಬಿದ್ದ ಹನಿಯನ್ನು ಬಿಡಬಾರದೆಂದು ಊರೂರಿಗೆ ಕೆರೆ ಕಟ್ಟಿದರು, ಕೆರೆಗೆ ಜಾಗವಿಲ್ಲದ ಕಡೆ ಕುಂಟೆ ತೋಡಿದರು.

ಶ್ರೀನಿವಾಸಪುರದ ದಾರಿಯಲ್ಲಿ, ಮಾವಿನ ತೋಪುಗಳ ನಡುವೆ ಇರುವ ನಮ್ಮೂರಿನದು ಅಂಥ ಒಂದು ಕುಂಟೆ. ಪಂಚಾಯ್ತಿಯವರು ಅದರ ಸುತ್ತ ಕಲ್ಲುಬೆಂಚು, ಜಾರುಬಂಡೆ, ತಂತಿಬೇಲಿ ಹಾಕಿಸಿ ಪಾರ್ಕ್ ಮಾಡಿದ್ದಾರೆ. ಬಾಗಿಲಲ್ಲಿ ಬೋರ್ಡು. ಕುಂಟೆಯೊಳಗೆ ಕ್ರಿಕೆಟ್ ಆಡಬಾರದು, ದನ ಮೇಯಿಸಬಾರದು ಎಂದು ಬರೆದಿದೆ. ಮೀನು ಹಿಡಿಯುವ ಮಾತೇ ಇಲ್ಲ. ಬೋರ್ಡು ಬರೆಸಿದ ಕಾಲಕ್ಕೆ ಇಲ್ಲಿಗೆ ಮೀನು ಬಂದೀತೆಂದು ಯಾರೂ ಎಣಿಸಿರಲಿಲ್ಲ.

ತಾತ ಮಾತ್ರ ಎಣಿಸಿದ್ದ. ನನಗೆ ಗಾಳ ಹಾಕುವುದನ್ನು ಕಲಿಸಿದ್ದು ಅವನೇ, ನೀರಿಲ್ಲದ ಇದೇ ಕುಂಟೆಯಲ್ಲಿ. ಬಿದಿರಿನ ಕೋಲು, ತಂಗೂಸಿ ದಾರ, ಜೋಳದ ದಂಟಿನ ಬೆಂಡು, ಗಾಳದ ತುದಿಗೆ ರಾಗಿಮುದ್ದೆಯ ಒಂದು ಚೂರು. ಏರಿಯ ಮೇಲೆ ಕೂತು, ಬಿರುಕು ಬಿಟ್ಟ ನೆಲಕ್ಕೆ ಬೀಸಿ ಒಗೆಯಬೇಕು. "ಅಲ್ಲಲ್ಲ, ತೂಬಿನ ಪಕ್ಕಕ್ಕೆ ಹಾಕು, ಅಲ್ಲಿ ಆಳ ಜಾಸ್ತಿ" ಎನ್ನುತ್ತಿದ್ದ, ಆಳುದ್ದ ಬೆಳೆದ ಜಾಲಿಗಿಡಗಳನ್ನು ತೋರಿಸುತ್ತ. ಸಂಜೆ ಮನೆಗೆ ಬಂದರೆ ಅಜ್ಜಿ ಕೇಳುತ್ತಿದ್ದಳು:

"ಏನ್ ಬಿತ್ತಂತೋ ನಿಮ್ಮ ತಾತನ ಗಾಳಕ್ಕೆ?"

"ಜಾಲಿ, ಅಜ್ಜಿ."

"ಸಾರಿಗಾಗಲ್ಲ, ಒಲೆಗಾಗುತ್ತೆ. ನಾಳೆ ಇನ್ನೊಂದಿಷ್ಟು ಹಿಡ್ಕೊಂಡು ಬನ್ನಿ."

ತಾತನ ನಂಬಿಕೆಗೆ ಆಧಾರವಿಲ್ಲದೆ ಇರಲಿಲ್ಲ. ಕೊರಮೀನು ನೀರಿನಿಂದ ತಲೆಯೆತ್ತಿ ಗಾಳಿಯನ್ನೇ ಉಸಿರಾಡಬಲ್ಲದು. ನೀರು ಬತ್ತಿದರೆ ಒದ್ದೆ ಕೆಸರಿನಲ್ಲಿ ಹುದುಗಿಕೊಂಡು ದಿನ ತಳ್ಳುತ್ತದೆ. ಮಳೆ ಬಂದರೆ ಅವೆಲ್ಲ ಮೈಮುರಿದು ಏಳುತ್ತವೆ ಎಂಬುದು ತಾತನ ಲೆಕ್ಕ. ವರ್ಷಗಟ್ಟಲೆ ಬರಕ್ಕೆ ಕೆಸರೇ ಕಲ್ಲಾಗಿರುವಾಗ ಯಾವ ಮೀನು ತಾನೇ ನಿದ್ದೆ ಮಾಡೀತು ಎಂದು ಎದುರು ಹೇಳುವ ವಯಸ್ಸು ನನಗಿರಲಿಲ್ಲ. ಅಷ್ಟರಲ್ಲಿ ಕುಂಟೆಯ ಜೇಡಿಯನ್ನು ಟ್ರ್ಯಾಕ್ಟರುಗಳು ಮಾಲೂರಿನ ಇಟ್ಟಿಗೆ ಗೂಡುಗಳಿಗೆ ಹೊತ್ತವು. ತಾತನ ಕೊರಮೀನುಗಳು ಈಗ ಯಾರದೋ ಮನೆಯ ಗೋಡೆಯಲ್ಲಿ ಮಲಗಿರಬೇಕು.

ಗಾಳ ಹಾಕುವ ಈ ವಿದ್ಯೆಗೆ ರಾಜಮರ್ಯಾದೆಯೂ ಇತ್ತೆಂದು ಆಮೇಲೆ ತಿಳಿಯಿತು. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ, ದೊರೆಗಳಿಗೆ ಒಪ್ಪುವ ವಿನೋದಗಳ ಸಾಲಿನಲ್ಲಿ ಮತ್ಸ್ಯವಿನೋದವೂ ಒಂದು. ಯಾವ ಮೀನಿಗೆ ಯಾವ ಮೇವು ಎಂಬುದೆಲ್ಲ ಅದರಲ್ಲಿದೆ. ಮತ್ಸ್ಯವಿಜ್ಞಾನಿ ಸುಂದರ ಲಾಲ್ ಹೋರಾ ಅದನ್ನು ಓದಿ ಲೇಖನವನ್ನೇ ಬರೆದರು. ದೊರೆ ಮೀನಿನ ಊಟದ ಬಗ್ಗೆ ಇಷ್ಟೆಲ್ಲ ಹೇಳಿದ್ದಾನೆ, ನೀರನ್ನು ಎಲ್ಲಿಂದ ತರಬೇಕೆಂದು ಮಾತ್ರ ಹೇಳಿಲ್ಲ. ಕಲ್ಯಾಣದಲ್ಲಿ ಆ ಪ್ರಶ್ನೆ ಎದ್ದಿರಲಾರದು.

ನಮ್ಮ ಜಿಲ್ಲೆಗೆ ನೀರು ಬಂದದ್ದು ಯಾವ ವಿನೋದಕ್ಕೂ ಹೊಳೆಯದ ದಾರಿಯಲ್ಲಿ. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆಯನ್ನು ಎರಡು ಹಂತ ಶುದ್ಧ ಮಾಡಿ, 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಹರಿಸಿದರು. ಮೊದಲು ನೊರೆ ಬಂತು, ನೊರೆಯ ಹಿಂದೆ ಹೈಕೋರ್ಟಿನಲ್ಲಿ ಕೇಸು ಬಂತು. ಮೂರನೆಯ ಹಂತದ ಶುದ್ಧೀಕರಣವೂ ಬೇಕೆಂದು ರೈತರು ಇವತ್ತಿಗೂ ಕೇಳುತ್ತಿದ್ದಾರೆ. ಕೇಳುವುದು ಸರಿಯಾಗಿಯೇ ಇದೆ. ಆದರೂ ನೀರು ನೀರೇ. ಕೆರೆಯಿಂದ ಕೆರೆಗೆ ಇಳಿಯಿತು. 2021ರ ನವೆಂಬರ್ ಮಳೆಗೆ ಮೇಲಿನ ಕೆರೆ ಕೋಡಿ ಬಿದ್ದು ನಮ್ಮ ಕುಂಟೆಯೂ ತುಂಬಿತು. ಆ ಹೊತ್ತಿಗೆ ತಾತ ಇರಲಿಲ್ಲ.

ಬಂದದ್ದು ಕೊರಮೀನಲ್ಲ, ಜಿಲೇಬಿ. 1952ರಲ್ಲಿ ಭಾರತಕ್ಕೆ ತಂದ ಆಫ್ರಿಕಾದ ಮೀನು. ತಾಯಿ ಮೊಟ್ಟೆ ಮರಿಗಳನ್ನು ಬಾಯಲ್ಲೇ ಇಟ್ಟುಕೊಂಡು ಕಾಯುತ್ತದೆ, ಅದಕ್ಕೇ ಸಂಸಾರ ಬೆಳೆದದ್ದೇ ಬೆಳೆದದ್ದು. ಕೆರೆಗೆ ಬಿಡುವ ಗೆಂಡೆಮೀನು ಕಾಟ್ಲಾದ ಪಾಡು ಬೇರೆ. ಹರಿವ ಹೊಳೆಯ ಪ್ರವಾಹವಿಲ್ಲದೆ ಅದಕ್ಕೆ ಮದುವೆಯ ಮನಸ್ಸೇ ಬರುವುದಿಲ್ಲ. 1957ರಲ್ಲಿ ವಿಜ್ಞಾನಿ ಹೀರಾಲಾಲ್ ಚೌಧುರಿ ಸೂಜಿಮದ್ದು ಕೊಟ್ಟು ಗೆಂಡೆಮೀನುಗಳಿಗೆ ಮರಿ ಮಾಡಿಸಿದ ಮೇಲೆಯೇ ಇಂಥ ಕೆರೆಗಳಿಗೆ ಬೇಕಾದಷ್ಟು ಮರಿ ಸಿಗತೊಡಗಿದ್ದು. ಕೋಲಾರದ ಕೆರೆಯಲ್ಲಿ ಬಿಟ್ಟ ಕಾಟ್ಲಾ ಬಲೆಗೆ ಬೀಳುವತನಕ ಬ್ರಹ್ಮಚಾರಿ.

ಸಂಜೆ ಕಲ್ಲುಬೆಂಚಿನ ಮೇಲೆ ಕೂತು ಗಾಳ ಬಿಡುತ್ತೇನೆ. ಅಂಗೈಯಗಲದ ಒಂದೆರಡು ಜಿಲೇಬಿ ಬಿದ್ದರೆ ಹೆಚ್ಚು. ವಾಕಿಂಗ್ ಬಂದವರು "ಅದು ಬೆಂಗ್ಳೂರ್ ನೀರಿನ ಮೀನು, ತಿಂತೀರಾ?" ಎಂದು ಮೂಗು ಮುರಿಯುತ್ತಾರೆ. ದೊಡ್ಡ ಕೆರೆಯ ಮೀನೆಲ್ಲ ಐಸಿನ ಪೆಟ್ಟಿಗೆಯಲ್ಲಿ ಬೆಂಗಳೂರಿಗೇ ವಾಪಸ್ಸು ಹೋಗುತ್ತದೆಂದು ಅವರೇ ನಗುತ್ತಾರೆ. ನಾನು ಬಿದ್ದದ್ದನ್ನು ಬಿಡಿಸಿ ನೀರಿಗೇ ಹಾಕುತ್ತೇನೆ. ಬೆಂಡು ಅಲ್ಲಾಡದಿದ್ದರೂ ಬೇಜಾರಿಲ್ಲ. ನೆಲಕ್ಕೆ ಗಾಳ ಹಾಕಿ ಕಲಿತವನಿಗೆ ಬೆಂಡು ತೇಲುವುದೇ ಒಂದು ಲಾಭ.

ಮೊನ್ನೆ ಪಂಚಾಯ್ತಿಯ ಸದಸ್ಯರೊಬ್ಬರು ಬಂದು ಪಕ್ಕದಲ್ಲಿ ಕೂತರು.

"ಸಾರ್, ಈ ಸಲ ಕುಂಟೆ ಮೀನಿಗೆ ಟೆಂಡರ್ ಕರೀತೀವಿ. ನೀವೂ ಹಾಕಿ."

ಅರ್ಜಿ ಫಾರಮ್ಮಿಗೆ ಎಷ್ಟೆಂದು ಕೇಳಿದೆ. ಹೇಳಿದರು. ನಾನು ಈತನಕ ಹಿಡಿದ ಜಿಲೇಬಿಯನ್ನೆಲ್ಲ ಮಾರಿದ್ದರೂ ಫಾರಮ್ಮಿನ ದುಡ್ಡು ಹುಟ್ಟುತ್ತಿರಲಿಲ್ಲ.

"ಸುಮ್ನೆ ನೀರು ನೋಡ್ಕೊಂಡು ಕೂರೋದಕ್ಕೂ ಟೆಂಡರಾ?"

"ಛೇ, ಅದಕ್ಕೆಲ್ಲ ಇಲ್ಲ ಸಾರ್" ಎಂದರು. ಕುಂಟೆಯನ್ನು ಒಂದು ಸುತ್ತು ನೋಡಿ, "ಸದ್ಯಕ್ಕಿಲ್ಲ" ಎಂದರು.