ಅಕ್ಕನೆಂಬ ಹುದ್ದೆ

ಈ ಸಲ ನಮ್ಮ ಮನೆಗೆ ಕ್ರಿಸ್‌ಮಸ್ ಎರಡು ಬಾರಿ ಬಂದಿತು. ಮೊದಲನೆಯದು ನವೆಂಬರ್ ಕೊನೆಯ ವಾರದಲ್ಲಿ, ನಸುಕಿನ ನಾಲ್ಕು ಗಂಟೆಗೆ, ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ. ತೂಕ ಎರಡೂಮುಕ್ಕಾಲು ಕಿಲೋ. ಧ್ವನಿ ಅದರ ಹತ್ತು ಪಾಲು. ಎರಡನೆಯದು ಕ್ಯಾಲೆಂಡರಿನ ಮಾತಿಗೆ ತಪ್ಪದೆ ಡಿಸೆಂಬರ್ 25ಕ್ಕೇ ಬಂದಿತು. ಇವೆರಡರ ನಡುವೆ ನಾನು ನಿದ್ದೆ ಮಾಡಿದ ನೆನಪಿಲ್ಲ.

ಎಳೆಗೂಸಿಗೆ ಎರಡು ಮೂರು ಗಂಟೆಗೊಮ್ಮೆ ಹಾಲು ಬೇಕು. ದಿನದಲ್ಲಿ ಹದಿನಾರು ಗಂಟೆ ಮಲಗುತ್ತದೆ ಎಂದು ಪುಸ್ತಕಗಳು ಹೇಳುವುದೇನೋ ನಿಜ. ಆದರೆ ಆ ಹದಿನಾರು ಗಂಟೆಗಳನ್ನು ಚಿಲ್ಲರೆ ಮಾಡಿ ಕೊಡುತ್ತದೆ ಎಂಬುದನ್ನು ಅನುಭವವೇ ಹೇಳಬೇಕು. ಬಾಣಂತನಕ್ಕೆಂದು ಹಾರೋಬೆಲೆಯಿಂದ ಬಂದ ಅತ್ತೆಯವರು ಮೊದಲ ದಿನವೇ ಮಗುವಿನ ನಾಲಗೆಗೆ ಜೇನು ಸವರಲು ಹೊರಟರು. ವರ್ಷ ತುಂಬುವ ತನಕ ಜೇನು ಕೂಡದು, ಆರು ತಿಂಗಳು ತಾಯಿಹಾಲಲ್ಲದೆ ಬೇರೇನೂ ಬೇಡ ಎಂದು ಡಾಕ್ಟರು ಹೇಳಿದ್ದನ್ನು ನಾನು ಒಪ್ಪಿಸಿದೆ. "ನಾನು ಐದು ಹೆತ್ತಿದ್ದೀನಿ, ನಿಮ್ಮ ಡಾಕ್ಟರು ಎಷ್ಟು ಹೆತ್ತಿದ್ದಾರೆ?" ಎಂದರು. ಜೇನೇನೋ ಒಳಗೆ ಹೋಯಿತು. ಮಾತು ಮಾತ್ರ ನಾಲ್ಕು ದಿನ ಹೊರಗೇ ಇತ್ತು.

ಈ ಗಲಾಟೆಯಲ್ಲಿ ನಮ್ಮ ಮಗಳಿಗೊಂದು ಬಡ್ತಿ ಸಿಕ್ಕಿತು. ಅವಳಿಗೆ ಮೂರು ತುಂಬಲು ಇನ್ನೂ ಎರಡು ತಿಂಗಳಿತ್ತು. ಹಿಂದಿನ ರಾತ್ರಿ ನನ್ನ ತೋಳಿನ ಮೇಲೆ ನಿದ್ದೆ ಹೋದಾಗ ಅವಳೇ ಮನೆಯ ಮಗು, ಬೆಳಗಾಗುವಷ್ಟರಲ್ಲಿ ಅಕ್ಕ. ಹುದ್ದೆ ಏರಿತು, ಸಂಬಳ ಇಳಿಯಿತು. "ನೀನು ಅಕ್ಕ ಅಲ್ವೇ, ಕಿರುಚಬಾರದು", "ನೀನು ಅಕ್ಕ ಅಲ್ವೇ, ನೀನೇ ಊಟ ಮಾಡು", "ನೀನು ಅಕ್ಕ ಅಲ್ವೇ, ಅಮ್ಮನ ಹತ್ತಿರ ಮಲಗಬಾರದು." ಅವಳು ಅರ್ಜಿ ಹಾಕಿದ ಕೆಲಸವಲ್ಲ ಇದು.

ಡಿಸೆಂಬರ್ ಮೊದಲಲ್ಲಿ ನಾನು ಎಂದಿನಂತೆ ಗೋದಲಿ ಕಟ್ಟಿದೆ. ಸಂತ ಫ್ರಾನ್ಸಿಸರು 1223ರಲ್ಲಿ ಇಟಲಿಯ ಗ್ರೆಚ್ಚೋ ಎಂಬಲ್ಲಿ ಹುಲ್ಲು, ಎತ್ತು, ಕತ್ತೆಗಳನ್ನಿಟ್ಟು ಆ ಇರುಳಿನ ದೃಶ್ಯವನ್ನು ಜನರಿಗೆ ತೋರಿಸಿದರಂತೆ. ನಮ್ಮದು ಶಿವಾಜಿನಗರದ ರಸೆಲ್ ಮಾರ್ಕೆಟ್ಟಿನ ಬಳಿ ಕೊಂಡ ಬೊಂಬೆಗಳು, ತಟ್ಟೆಯಲ್ಲಿ ಬಿತ್ತಿದ ರಾಗಿಯ ಪೈರು. ಬಾಲಯೇಸುವಿನ ಜಾಗ ಮಾತ್ರ 24ರ ರಾತ್ರಿಯ ತನಕ ಖಾಲಿ. ಅದು ನಮ್ಮ ಪದ್ಧತಿ.

"ಪಾಪು ಎಲ್ಲಿ?" ಎಂದು ಮಗಳು ಕೇಳಿದಳು.

"ಹಬ್ಬದ ರಾತ್ರಿ ಬರುತ್ತೆ."

"ಬರೋದು ಬೇಡ. ಅಳುತ್ತೆ."

ನಾವೆಲ್ಲ ನಕ್ಕೆವು. ಬಂಧುಗಳಿಗೆ ಫೋನು ಮಾಡಿ ಹೇಳಿಯೂ ನಕ್ಕೆವು. ನಗಬಾರದಿತ್ತು ಎಂದು ಈಗ ಅನ್ನಿಸುತ್ತದೆ.

ಮಗುವನ್ನು ನೋಡಲು ಬರುವವರೂ ಹಬ್ಬಕ್ಕೆ ಬರುವವರೂ ಒಂದಾಗಿ ಮನೆ ತುಂಬಿತು. ಬಾಗಿಲ ಸದ್ದಾದ ಕೂಡಲೇ ಮಗಳು ಓಡಿಹೋಗಿ ಕೈಚಾಚಿ ನಿಲ್ಲುವಳು. ಕುಲಾವಿ, ಕಾಲ್ಚೀಲ, ಬೆಳ್ಳಿಯ ಗಿಲಕಿ ಎಲ್ಲವೂ ಅವಳ ತಲೆಯ ಮೇಲಿನಿಂದಲೇ ಒಳಕೋಣೆಗೆ ಹೋಗುವುವು. ಒಂದು ಸಂಜೆ ಆ ಗಿಲಕಿಯನ್ನು ತೆಗೆದು ತೊಟ್ಟಿಲ ಕಡೆಗೆ ಎಸೆದಳು. ಮಗುವಿಗೆ ತಾಗಲಿಲ್ಲ. ಆದರೂ ನಾನು ಅವಳ ಬೆನ್ನಿಗೆ ಒಂದು ಏಟು ಕೊಟ್ಟೆ. ನನ್ನ ಕೈಯಿಂದ ಅವಳಿಗೆ ಬಿದ್ದ ಮೊದಲ ಏಟು. ಅವಳು ಅಳಲಿಲ್ಲ. ಹೋಗಿ ಗೋದಲಿಯ ಮೇಜಿನ ಕೆಳಗೆ ಕುಳಿತಳು. ಅತ್ತಿದ್ದರೆ ನನಗೆ ಆ ರಾತ್ರಿ ಸ್ವಲ್ಪವಾದರೂ ನಿದ್ದೆ ಬರುತ್ತಿತ್ತು.

ಇಪ್ಪತ್ತನಾಲ್ಕರ ರಾತ್ರಿ ಅತ್ತೆಯವರು ನೆರೆಯವರೊಡನೆ ಬಲಿಪೂಜೆಗೆ ಹೋದರು. ಬಾಣಂತಿಯೂ ಕೂಸೂ ಮಲಗಿದ್ದರು. ಬಾಲಯೇಸುವನ್ನು ತೆಗೆಯಲೆಂದು ಕಪಾಟು ತೆರೆದರೆ ಹತ್ತಿ ಇದೆ, ಬೊಂಬೆ ಇಲ್ಲ. ಹುಡುಕುತ್ತಿದ್ದ ಹಾಗೆ ಮಗಳು ಎದ್ದು ಬಂದಳು. ಏನೂ ಕೇಳದೆ ಅಡಿಗೆಮನೆಗೆ ಹೋಗಿ, ಅಕ್ಕಿಯ ಡಬ್ಬಿಯೊಳಗೆ ಮೊಣಕೈವರೆಗೆ ಕೈಯಿಟ್ಟು, ಅದನ್ನು ಹೊರತೆಗೆದಳು. ಗದರಲು ಬಾಯಿ ತೆರೆದೆ. ಆ ಏಟಿನ ನೆನಪಾಗಿ ಮುಚ್ಚಿಕೊಂಡೆ.

"ನೀನೇ ಮಲಗಿಸು" ಎಂದೆ.

ಹುಲ್ಲಿನ ಮೇಲೆ ಮಲಗಿಸಿದಳು. ಬಹಳ ಹೊತ್ತು ನೋಡಿ, "ಈ ಪಾಪುಗೆ ಅಕ್ಕ ಎಲ್ಲಿ?" ಎಂದಳು.

ನಾನೂ ನೋಡಿದೆ. ತಾಯಿ ಇದ್ದಾಳೆ, ಜೋಸೆಫರಿದ್ದಾರೆ, ಕುರುಬರಿದ್ದಾರೆ, ಎತ್ತು, ಕತ್ತೆ, ಐದು ಕುರಿ. ದೂರದಿಂದ ಮೂವರು ಅರಸರು ಚಿನ್ನ, ಧೂಪ, ರಕ್ತಬೋಳ ಹಿಡಿದು ಬರುತ್ತಿದ್ದಾರೆ, ಮೂರೂ ಮಗುವಿಗೇ. ಅಕ್ಕ ಇಲ್ಲ.

"ಇಲ್ಲಮ್ಮ" ಎಂದೆ.

"ಪಾಪ" ಎಂದಳು. ಯಾರಿಗೆ ಎಂದು ನಾನು ಕೇಳಲಿಲ್ಲ.

ಒಳಗೆ ಹೋಗಿ ತನ್ನ ಚನ್ನಪಟ್ಟಣದ ಮರದ ಬೊಂಬೆ ತಂದು ಗೋದಲಿಯ ಪಕ್ಕದಲ್ಲಿ ನಿಲ್ಲಿಸಿದಳು. ಅಷ್ಟರಲ್ಲಿ ಕೋಣೆಯಿಂದ ಕೂಸಿನ ಅಳು ಕೇಳಿಸಿತು. ಅಭ್ಯಾಸಬಲದಿಂದ ನಾನು ಏಳಹೊರಟವನು ಮತ್ತೆ ಕುಳಿತೆ; ಹಾಲು ಕೊಡಲು ಅವಳ ತಾಯಿ ಇದ್ದಳು. ಮಗಳು ನನ್ನ ತೋಳಿನ ಮೇಲೆ ತಲೆಯಿಟ್ಟು ಅಲ್ಲೇ ನಿದ್ದೆ ಹೋದಳು.

ಜನವರಿ 7ಕ್ಕೆ, ಮೂವರು ಅರಸರ ಹಬ್ಬದ ಮರುದಿನ ಗೋದಲಿ ಬಿಚ್ಚುವುದು ನಮ್ಮ ಕ್ರಮ. ಅಲ್ಲಿಯವರೆಗೆ ಆ ಕೆಂಪು ಬೊಂಬೆ ಜೋಸೆಫರಿಗಿಂತ ಒಂದು ಗೇಣು ಎತ್ತರವಾಗಿ ಅಲ್ಲೇ ನಿಂತಿತ್ತು. ಇದು ಯಾರು ಎಂದು ಬಂದವರೆಲ್ಲ ಕೇಳಿದರು. ಉತ್ತರ ಹೇಳುವ ಕೆಲಸವನ್ನು ನಾನು ಮಗಳಿಗೇ ಬಿಟ್ಟೆ.